ಹತ್ತನೇ ಎಲೆ

"ಎಲ್ರೂ ಉಸಿರು ಬಿಗಿಹಿಡ್ಕೊಳ್ಳಿ!" ಎಂದು ಗುರುಮಲ್ಲು ಮಾವ ಕೂಗಿದ.

ಎಲ್ಲರೂ ಅಂದರೆ ನಾನು ಮತ್ತು ಅಮ್ಮ. ಉಸಿರನ್ನು ನಾವು ಬೆಳಗಿನ ಐದು ಗಂಟೆಯಿಂದಲೇ ಬಿಗಿಹಿಡಿದಿದ್ದೆವು. ಅವತ್ತು ನನ್ನ ನಿಶ್ಚಿತಾರ್ಥ!

ಮಾವ ಅಮ್ಮನ ಒಬ್ಬನೇ ತಮ್ಮ. ಚನ್ನಪಟ್ಟಣದ ಪೇಟೆಯಲ್ಲಿ ಅವನದೊಂದು ಟಿವಿ ರಿಪೇರಿ ಅಂಗಡಿ. ರಿಪೇರಿಗೆ ಬಂದ ಟಿವಿಗಳು ಮೂಲೆಯಲ್ಲಿ ಧೂಳು ಕುಡಿಯುತ್ತಿರುತ್ತವೆ. ಮಾವ ಮಾತ್ರ ಗುಜರಿಯಿಂದ ತಂದ ಹಳೇ ವಿಡಿಯೋ ಗೇಮುಗಳ ಹೊಟ್ಟೆ ಬಗೆಯುತ್ತಾ, ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಪ್ರೋಗ್ರಾಂ ಬರೆಯುತ್ತಾ ಕೂತಿರುತ್ತಾನೆ. ಅಂಗೈಯಲ್ಲಿ ಹಿಡಿದು ಆಡುತ್ತಿದ್ದ ಇಟ್ಟಿಗೆ ಆಟ ನೆನಪಿದೆಯಲ್ಲ? ಮೇಲಿಂದ ಇಟ್ಟಿಗೆ ಬೀಳುತ್ತವೆ. ತಿರುಗಿಸಿ ಜೋಡಿಸಬೇಕು. ಹತ್ತು ಮನೆಯ ಸಾಲು ಸಂದಿಲ್ಲದೆ ತುಂಬಿತೋ, ಸಾಲು ಮಾಯ, ಅಂಕ ನೂರು! ಜೋಡಿಸಲಾಗದೆ ರಾಶಿ ಮೇಲಕ್ಕೇರಿತೋ, ಆಟ ಮುಗಿಯಿತು. ಮಾವನ ಆಟ 1996ರಿಂದ ಮುಗಿದಿಲ್ಲ.

ಈ ಸಲ ಅವನು ಆ ಯಂತ್ರಕ್ಕೆ ನಮ್ಮೂರ ಬೊಂಬೆಗಳಂತೆ ಮರ ಕಡೆಸಿ, ಕೆಂಪು-ಹಳದಿ ಅರಗು ಹಚ್ಚಿಸಿ, ಹಣೆಗೊಂದು ಗಾಜಿನ ಕಣ್ಣು, ತಲೆಗೊಂದು ರೇಡಿಯೋ ಏರಿಯಲ್ ಸಿಕ್ಕಿಸಿ, ಊಟದ ಹಾಲಿನ ಕಿಟಕಿಯಲ್ಲಿ ಇಟ್ಟಿದ್ದ. ನನ್ನನ್ನು ಮದುವೆಯಾಗಲಿರುವ ಲೋಹಿತನಿಗೆ ಉಡುಗೊರೆಯಂತೆ! ಮೊದಲ ಭೇಟಿಯಲ್ಲಿ ಲೋಹಿತ್ ಅಪ್ಪಿತಪ್ಪಿ, "ಚಿಕ್ಕೋನಾಗಿದ್ದಾಗ ನಾನೂ ಇದನ್ನ ಆಡ್ತಿದ್ದೆ ಮಾವ" ಅಂದುಬಿಟ್ಟಿದ್ದ. ಮೂವತ್ತು ವರ್ಷದಲ್ಲಿ ಮಾವನ ಹತ್ತಿರ ಹಾಗೆ ಮಾತಾಡಿದವನು ಅವನೊಬ್ಬನೇ.

"ಎದುರಿಗೆ ಏನಿಟ್ರೂ ಅದು ಆಟದೊಳಗೆ ಇಟ್ಟಿಗೆಯಾಗಿ ಬರುತ್ತೆ. ನೋಡಕ್ಕ!"

ಮಾವ ಅಮ್ಮನ ಹೊಸ ಸ್ಟೀಲ್ ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂಬತ್ತು. ಆಮೇಲೆ ಮಂಗಳಾರತಿ ತಟ್ಟೆ ಇಳಿಸುವವನ ಭಕ್ತಿಯಿಂದ ಹತ್ತನೆಯದನ್ನು ಇಳಿಸಿದ.

"ಟಿಣಿಂಗ್! ನೂರು!" ಎಂದಿತು ಯಂತ್ರ, ಮಾವನದೇ ದನಿಯಲ್ಲಿ.

ಮೇಜು ಖಾಲಿ!

ಅಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಎಲ್ಲೋ ನನ್ನ ಲೋಟ?"

ಮಾವ ನೋಟ್‌ಬುಕ್ ತೆಗೆದು ಬೆರಳು ಓಡಿಸಿದ. ಬೆರಳು ಹದಿನೇಳನೇ ಪುಟದಲ್ಲಿ ನಿಂತಿತು. ಮುಖದ ಬಣ್ಣ ಅಲ್ಲೇ ಇಳಿಯಿತು.

"'ಸಾಲು ತುಂಬಿದ್ರೆ ಅಳಿಸು' ಅಂತ ಬರ್ದಿದ್ದೀನಿ."

"ಸರಿ ಅಲ್ವಾ ಮಾವ?"

"'ಪರದೆಯಿಂದ' ಅಳಿಸು ಅಂತ ಬರೀಬೇಕಿತ್ತು ಕಣೇ ತೇಜು. ಜಾಗ ಉಳೀಲಿ ಅಂತ ಒಂದು ಪದ ಬಿಟ್ಟೆ."

* * *

ನಾನು ಯಂತ್ರದ ಹತ್ತಿರ ಓಡಿದೆ. ಕಾರಣ ಲೋಟಗಳಲ್ಲ. ಇನ್ನೊಂದು ಗಂಟೆಯಲ್ಲಿ ಇದೇ ಹಾಲಿನಲ್ಲಿ ಲೋಹಿತನ ಮನೆಯವರು ಊಟಕ್ಕೆ ಕೂರಬೇಕಿತ್ತು. ಸಾಲಾಗಿ! ಒಂದೊಂದು ಸಾಲಿಗೆ ಹತ್ತು ಎಲೆ!

"ಆಫ್ ಮಾಡು ಮಾವ!"

"ಸ್ವಿಚ್ ಇಟ್ಟಿಲ್ಲ. ಹಳೇ ಯಂತ್ರದಲ್ಲಿ ಮೊದ್ಲು ಕೆಡೋದೇ ಸ್ವಿಚ್ಚು."

"ಸೆಲ್ ಕಿತ್ತಾಕು!"

"ಅಯ್ಯಯ್ಯೋ! ಸೆಲ್ ಹೋದ್ರೆ ನೆನಪೂ ಹೋಗುತ್ತೆ. ಅಳಿಸಿದ್ದೆಲ್ಲ ಅದರ ನೆನಪಲ್ಲೇ ಇರೋದು!"

"ಕಣ್ಣಿಗೆ ಬಟ್ಟೆ ಮುಚ್ಚೋಣ?"

"ಮುಚ್ಚಿದ್ರೆ ಕತ್ಲೆ. ಕತ್ಲೆ ಅಂದ್ರೆ ಎಲ್ಲಾ ಮನೇನೂ ತುಂಬಿದೆ ಅಂತ ತಿಳ್ಕೊಂಡು ಚನ್ನಪಟ್ಟಣಾನೇ ಅಳಿಸ್ಬಿಡುತ್ತೆ!"

"ಹೊರಗೆ ಒಯ್ದು ಇಡು ಹಾಗಾದ್ರೆ!"

ಮಾವ ಕಿಟಕಿಯಾಚೆ ಬೆರಳು ತೋರಿಸಿದ. ರಸ್ತೆಯ ಆ ಬದಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಮನೆಗಳಿದ್ದವು. ಎಣಿಸಿದೆ. ಹತ್ತು. ಅವನು ಯಂತ್ರದ ಕಣ್ಣನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿಕೊಂಡ.

ದಾರಿ ಒಂದೇ ಇತ್ತು. ಎರಡು ಕಿಲೋಬೈಟಿನ ನೆನಪಿನಲ್ಲಿ ಹೊಸ ಇಟ್ಟಿಗೆ ಮಾಡಲು ಜಾಗವಿಲ್ಲದ್ದರಿಂದ, ಹೊಸ ಆಟಕ್ಕೆ ಅಳಿಸಿದ್ದನ್ನೇ ಮೇಲಿಂದ ಬೀಳಿಸುವಂತೆ ಮಾವ ಬರೆದಿದ್ದ. ಅಮ್ಮ ರವೆಉಂಡೆ ಡಬ್ಬಕ್ಕೆ ಉಪ್ಪಿನಕಾಯಿ ತುಂಬುತ್ತಾಳಲ್ಲ, ಹಾಗೆ. ಅಂದರೆ ಈ ಆಟ ಮುಗಿದರೆ ಸಾಕು, ಕೊನೆಗೆ ಮಾಯವಾದದ್ದು ಮೊದಲು ಎಂಬ ಕ್ರಮದಲ್ಲಿ ಎಲ್ಲವೂ ವಾಪಸ್ಸು!

"ಹಾಗಾದ್ರೆ ಬೇಗ ಸೋಲು ಮಾವ!"

"ಅದೇನ್ ಮಹಾ! ಎರಡೇ ನಿಮಿಷ!" ಎಂದು ಮಾವ ಕಿಟಕಿಯ ಕಟ್ಟೆಯ ಮೇಲೆ ಕೂತ.

ಅರ್ಧ ಗಂಟೆ ಕಳೆಯಿತು. ಮಾವ ಗೆಲ್ಲುತ್ತಲೇ ಇದ್ದ!

"ನಾನೇನ್ ಮಾಡ್ಲಿ? ಮೂವತ್ತು ವರ್ಷದಿಂದ ಪಳಗಿರೋ ಹೆಬ್ಬೆರಳು ಕಣೇ! ಸಂದಿ ಕಂಡ್ರೆ ತಾನೇ ಹೋಗಿ ತುಂಬುತ್ತೆ!"

"ನನ್ ಕೈಗೆ ಕೊಡು!"

"ಇರು, ಇರು. ಈಗ ಸೋಲ್ತೀನಿ. ಉದ್ದನೆ ಇಟ್ಟಿಗೆ ಬರೋ ಹಾಗಿದೆ. ಅದೊಂದು ಆಗ್ಲಿ."

ಅಷ್ಟರಲ್ಲಿ ಹೊರಗೆ ಓಲಗ ಮೊಳಗಿತು. ಲೋಹಿತನ ಕಡೆಯವರು ಬಂದೇಬಿಟ್ಟರು. ಶಿಸ್ತಿನ ಜನ! ಊಟದ ಹಾಲಿನ ಬಾಗಿಲಲ್ಲಿ ಚಪ್ಪಲಿಗಳನ್ನು ನಮ್ಮವರಂತೆ ಎಸೆಯದೆ, ಎಡ ಬಲ ನೋಡಿ ಒಂದೇ ನೇರಕ್ಕೆ ಜೋಡಿಸಿಟ್ಟರು. ಐದು ಜೊತೆ.

"ಟಿಣಿಂಗ್! ನೂರು!"

* * *

ಅವರಲ್ಲಿ ನಾನು ಹೆದರುತ್ತಿದ್ದುದು ಲೋಹಿತನ ಅಜ್ಜಿ ಪಾರ್ವತಮ್ಮಣ್ಣಿಯವರಿಗೆ. ಎಲ್ಲರ ದನಿ ಅಣಕಿಸುವುದು ನನ್ನ ಹುಟ್ಟು ಚಾಳಿ. ಎರಡು ವರ್ಷದ ಹಿಂದೆ ಲೋಹಿತನ ಫೋನಿಗೆ ಕರೆ ಮಾಡಿ ಅಜ್ಜಿಯ ಹಾಗೇ ಗೊಗ್ಗರು ದನಿ ತೆಗೆದು, "ಏನಪ್ಪಾ, ಆ ಕೋಡಂಗಿನೇ ಮಾಡ್ಕೋತೀಯಾ?" ಅಂದಿದ್ದೆ. ಆ ಕಡೆ ಫೋನ್ ಹಿಡಿದಿದ್ದವರು ಅಜ್ಜಿಯೇ! ಅಂದಿನಿಂದ ಒಪ್ಪಿಗೆಗಾಗಿ ಎರಡು ವರ್ಷ ಕಾದಿದ್ದೆವು. ಬೆಳಿಗ್ಗೆಯಷ್ಟೇ ಅವರು ಲೋಹಿತನಿಗೆ ಹೇಳಿದ್ದರಂತೆ: "ಊಟ ಮುಗಿಯೋವರ್ಗೂ ನೋಡ್ತೀನಿ. ಆಮೇಲೆ ತಾಂಬೂಲದ ಮಾತು."

ಇಂಥವರನ್ನು ಮಾಯ ಮಾಡುವುದೇ?

ನಾನು ರೇಷ್ಮೆ ಸೀರೆ ಎತ್ತಿ ಕಟ್ಟಿ ಓಡಿದೆ. ಪ್ರತಿ ಸಾಲಿನಲ್ಲೂ ಹತ್ತನೇ ಎಲೆಯ ಕುರ್ಚಿಯನ್ನು ಎಳೆದು ಗೋಡೆಗೆ ತಳ್ಳಿದೆ. ಹಿಂದೆಯೇ ನಮ್ಮ ಸೋಮಪ್ಪ ದೊಡ್ಡಪ್ಪ ಬಂದು ಆ ಕುರ್ಚಿಗಳನ್ನೆಲ್ಲ ವಾಪಸ್ಸು ಹಾಕಿದರು! ಹಾಕಿದ ಎಲೆ ಖಾಲಿ ಇರಬಾರದು ಎನ್ನುವುದು ದೊಡ್ಡಪ್ಪನ ಬದುಕಿನ ಏಕೈಕ ಸಿದ್ಧಾಂತ. ಖಾಲಿ ಎಲೆ ಕಂಡರೆ ರಸ್ತೆಯಲ್ಲಿ ಹೋಗುವವರನ್ನಾದರೂ ಕೈಹಿಡಿದು ತಂದು ಕೂರಿಸುತ್ತಾರೆ.

"ಬನ್ನಿ ಬನ್ನಿ, ಇಲ್ಲೊಂದು ಎಲೆ! ಬನ್ನಿ ಸಾ!"

"ದೊಡ್ಡಪ್ಪ, ಅದು ಖಾಲಿ ಇರ್ಲಿ!"

"ಯಾಕವ್ವ? ಯಾರಿಗೆ?"

"ಅದು... ಹಿರಿಯರಿಗೆ!"

"ಹಿರೀಕರು ಇಲ್ಲೇ ಕುಂತವ್ರಲ್ಲವ್ವ, ಎಂಬತ್ತೆರಡು ವರ್ಷದೋರು!" ಎಂದು ದೊಡ್ಡಪ್ಪ ಪಾರ್ವತಮ್ಮಣ್ಣಿಯವರನ್ನೇ ತೋರಿಸಿದರು. ಅಜ್ಜಿ ಮೊದಲ ಸಾಲಿನಲ್ಲಿ, ಲೋಹಿತನ ಅಪ್ಪ-ಅಮ್ಮ, ಚಿಕ್ಕಪ್ಪಂದಿರು, ಅತ್ತೆಯರ ನಡುವೆ ದೇವರಂತೆ ಕೂತಿದ್ದರು. ಒಟ್ಟು ಒಂಬತ್ತು ಜನ. ಅಜ್ಜಿಯ ಪಕ್ಕದ ಎಲೆ ಖಾಲಿ; ಯಂತ್ರದ ಕಣ್ಣಿಗೆ ಅದೊಂದೇ ಸಂದಿ.

ದೊಡ್ಡಪ್ಪ ಆಗಲೇ ಓಲಗದವನ ತೋಳು ಹಿಡಿದು ಆ ಎಲೆಯ ಕಡೆ ಎಳೆಯುತ್ತಿದ್ದರು! ನನಗೆ ಬೇರೆ ಏನೂ ಹೊಳೆಯಲಿಲ್ಲ. ಕಂಬದ ಹಿಂದೆ ಅಡಗಿ, ಅಜ್ಜಿಯ ದನಿ ತೆಗೆದು ಗದರಿಸಿಬಿಟ್ಟೆ.

"ಏಯ್! ನನ್ ಪಕ್ಕ ಯಾರೂ ಕೂರ್ಕೂಡ್ದು!"

ಓಲಗದವನು ಬೆಚ್ಚಿ ನಿಂತ. ದೊಡ್ಡಪ್ಪ ಕೈ ಮುಗಿದರು. ಆದರೆ ಅಜ್ಜಿ ಕತ್ತು ತಿರುಗಿಸಿ ನೇರ ಕಂಬವನ್ನೇ ನೋಡಿದರು.

"ನಾನು ಬಾಯೇ ಬಿಟ್ಟಿಲ್ಲ. ನನ್ನ ದನೀಲಿ ಮಾತಾಡ್ದೋರು ಯಾರು?"

ಅಜ್ಜಿ ಎಲೆಯ ಮೇಲಿನ ಕೈ ಹಿಂದಕ್ಕೆಳೆದುಕೊಂಡರು. "ಎಲೆ ಎತ್ತಿ. ನಾವು ಹೊರಡ್ತೀವಿ."

ಮುಗಿಯಿತು ಅಂದುಕೊಂಡೆ. ಅಲ್ಲೇ ಬಡಿಸುವವರ ಜೊತೆ ನಿಂತಿದ್ದ ಲೋಹಿತ್, ಪಾಪ, ನನ್ನನ್ನು ಉಳಿಸಲು ಓಡಿಬಂದ.

"ಅಜ್ಜಿ, ಕೋಪ ಮಾಡ್ಕೋಬೇಡಿ. ನೋಡಿ, ನಾನೇ ನಿಮ್ ಪಕ್ಕ ಕೂತ್ಕೋತೀನಿ."

"ಲೋಹಿತ್, ಬೇಡ!" ಎಂದು ನಾನು ಕಿರುಚುವಷ್ಟರಲ್ಲಿ ಅವನು ಕೂತಾಗಿತ್ತು.

"ಟಿಣಿಂಗ್! ನೂರು!"

ಕುರ್ಚಿ, ಮೇಜು, ಎಲೆ, ಕೋಸಂಬರಿ, ಹತ್ತು ಜನ. ಎಲ್ಲಾ ಮಾಯ! ಪಾಯಸದ ಸೌಟು ಹಿಡಿದಿದ್ದ ಭಟ್ಟರು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಪಾಯಸ ನೆಲಕ್ಕೆ ಬಿತ್ತು. ಆಟದ ನಿಯಮದಂತೆ, ಇನ್ನೂ ತುಂಬದ ಹಿಂದಿನ ಸಾಲು ಕುರ್ಚಿ ಸಮೇತ ಧಡಕ್ಕನೆ ಒಂದು ಸಾಲು ಮುಂದಕ್ಕೆ ಜಾರಿತು. ಅಲ್ಲಿದ್ದವರು ಎಲೆಯಿಂದ ಮುಖ ಎತ್ತಲಿಲ್ಲ. "ಇಲ್ಲಿಗೆ ಉಪ್ಪು ಬಂದಿಲ್ಲ" ಅಂದರು ಅಷ್ಟೇ.

* * *

ನಾನು ಕಿಟಕಿಗೆ ಹಾರಿದೆ. ಯಂತ್ರದ ಮೇಲೊಂದು ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು.

"ಅದೇನ್ ಮಾವ ದೀಪ?"

"ಸೆಲ್ ಮುಗೀತಾ ಬಂತು ಅಂತ. ಐದು ನಿಮಿಷ ಇದ್ರೆ ಹೆಚ್ಚು."

"ಸೋಲು ಮಾವ! ಅದರೊಳಗೆ ನನ್ ಲೋಹಿತ್ ಇದ್ದಾನೆ!"

ಮಾವನ ಕಣ್ಣಲ್ಲಿ ನೀರಿತ್ತು, ಹಣೆಯಲ್ಲಿ ಬೆವರಿತ್ತು, ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ಸಾಲು ಜೋಡಿಸುತ್ತಿತ್ತು. "ಆಗ್ತಿಲ್ಲ ಕಣೇ! ಕಣ್ ಮುಚ್ಚಿ ಒತ್ತಿದ್ರೂ ಸರಿಯಾಗೇ ಬೀಳ್ತಿದೆ!"

ಕಿತ್ತುಕೊಂಡೆ. ಚಿಕ್ಕಂದಿನಲ್ಲಿ ಈ ಆಟದಲ್ಲಿ ನಾನು ಒಂದು ನಿಮಿಷ ಉಳಿದದ್ದಿಲ್ಲ. "ನಿನ್ ಕೈಗೆ ಕೊಡೋದೂ ಒಂದೇ, ಬಾವಿಗೆ ಎಸೆಯೋದೂ ಒಂದೇ" ಎಂದು ಮಾವ ಆಡಿಕೊಳ್ಳುತ್ತಿದ್ದ. ಆ ಪ್ರತಿಭೆಯೆಲ್ಲ ಬಂದು ಬೆರಳಲ್ಲಿ ಕೂತಿತು! ಅಡ್ಡ ಬರಬೇಕಾದದ್ದನ್ನು ಉದ್ದ ನಿಲ್ಲಿಸಿದೆ. ಉದ್ದದ್ದನ್ನು ಅಡ್ಡ ಹಾಕಿದೆ. ಪಕ್ಕದಲ್ಲಿ ಮಾವ, "ಅಲ್ಲಲ್ಲ, ಎಡಕ್ಕೆ! ಅಯ್ಯೋ, ಎಂಥಾ ಸಂದಿ ಹಾಳು ಮಾಡಿದೆ!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಅಮ್ಮ ಅವನ ಬಾಯಿ ಮುಚ್ಚಿದಳು.

ನಲವತ್ತು ಸೆಕೆಂಡು. ಆಟ ಮುಗಿಯಿತು! ಮೂವತ್ತು ವರ್ಷದ ಆಟ! ಮಾವ ಗೋಡೆಗೊರಗಿ ಕುಸಿದ.

ಹಾಲಿನ ತಾರಸಿಯ ಕೆಳಗೆ ಗಾಳಿಯಲ್ಲಿ ಮೊದಲು ಎರಡು ಪಾದ ಕಂಡವು. ಆಮೇಲೆ ಕುರ್ಚಿ. ಆಮೇಲೆ ಪಾರ್ವತಮ್ಮಣ್ಣಿ! ಒಂದೊಂದೇ ಮೆಟ್ಟಿಲು ಇಳಿದಂತೆ ತಟಕ್, ತಟಕ್ ಎಂದು ಕೆಳಕ್ಕಿಳಿಯತೊಡಗಿದರು. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದೆ. ಅಜ್ಜಿ ಕುರ್ಚಿ ಸಮೇತ ಮಲಗಿದರು!

"ತಿರುಗಿಸ್ಬೇಡ್ವೇ ಹುಡುಗೀ!"

"ತಪ್ಪಾಯ್ತು ಅಜ್ಜಿ!" ಎಂದು ಮೂರು ಸಲ ಒತ್ತಿ ನೆಟ್ಟಗೆ ಮಾಡಿ, ಹಿಂದೆ ಖಾಲಿಯಾಗಿದ್ದ ಸಾಲಿಗೆ ಇಳಿಸಿದೆ. ಹಿಂದೆಯೇ ಲೋಹಿತನ ಅಪ್ಪ, ಅಮ್ಮ, ಚಿಕ್ಕಪ್ಪಂದಿರು, ಅತ್ತೆಯರು... ಒಬ್ಬೊಬ್ಬರನ್ನೂ ಮೊಟ್ಟೆ ಇಟ್ಟಂತೆ ಇಟ್ಟೆ. ದೀಪದ ಮಿಣುಕು ಹೆಚ್ಚಿತು. ಒಂಬತ್ತು ಜನ ಕೂತಾಯಿತು. ಹತ್ತನೆಯವನು ಲೋಹಿತ್. ಎಲೆ ಹಿಡಿದುಕೊಂಡು, ಹಪ್ಪಳ ಕಚ್ಚಿಕೊಂಡು ಇಳಿಯುತ್ತಿದ್ದ.

ಆಗ ಹೊಳೆಯಿತು. ಅವನನ್ನು ಅಜ್ಜಿಯ ಪಕ್ಕ ಇಳಿಸಿದರೆ ಸಾಲು ಮತ್ತೆ ತುಂಬುತ್ತದೆ!

"ಇಲ್ಲಿಳ್ಸವ್ವ, ಇಲ್ಲೊಂದು ಜಾಗ ಖಾಲಿ ಅದೆ!" ಎಂದು ದೊಡ್ಡಪ್ಪ ಅಲ್ಲೇ ಕೂಗುತ್ತಿದ್ದರು.

"ಅವನು ನನ್ ಮೊಮ್ಮಗ. ನನ್ ಪಕ್ಕ ಕೂರ್ಸು" ಎಂದರು ಅಜ್ಜಿ.

ಎರಡು ವರ್ಷ ಕಾದ ಒಪ್ಪಿಗೆ ಎದುರಿಗೇ ಕೂತು ಅಪ್ಪಣೆ ಕೊಡುತ್ತಿತ್ತು.

"ಆಗಲ್ಲ ಅಜ್ಜಿ," ಅಂದೆ. ಈ ಸಲ ನನ್ನದೇ ದನಿಯಲ್ಲಿ. "ಇವನೂ ಅಲ್ಲಿ ಕೂತ್ರೆ ನೀವೆಲ್ಲ ಮತ್ತೆ ಹೋಗ್ತೀರ. ಆಗ ನನ್ ಕೈಲಿ ವಾಪಸ್ ಕರೆಯೋಕಾಗಲ್ಲ. ಕಂಬದ ಹಿಂದೆ ನಿಮ್ ದನಿ ತೆಗ್ದೋಳು ನಾನೇ. ಬೈಯೋದಿದ್ರೆ ಆಮೇಲೆ ಬೈರಿ."

ಬಲಕ್ಕೆ, ಬಲಕ್ಕೆ, ಬಲಕ್ಕೆ ಒತ್ತಿದೆ. ಅವನು ಸಾಲು ದಾಟಿ, ಕಿಟಕಿಯ ಹತ್ತಿರ, ನನ್ನ ಪಕ್ಕಕ್ಕೇ ಬಂದ. ನೆಲ ಇನ್ನೂ ಎರಡಡಿ ಇರುವಾಗ ಕೆಂಪು ದೀಪ ಆರಿತು. ಲೋಹಿತ್ ಧೊಪ್ಪೆಂದು ಬಿದ್ದ. ಹಪ್ಪಳ ಮಾತ್ರ ಮುರಿಯಿತು.

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಸೀರೆಯ ನಿರಿಗೆ ಸರಿಮಾಡಿಕೊಂಡರು.

"ಅಲ್ಲೇ ಇರ್ಲಿ ಬಿಡು," ಎಂದರು. "ಹತ್ತು ಜನಾನ ಎತ್ತಿ ಇಳ್ಸಿದ್ದಾಳೆ. ಯಾರನ್ನ ಎಲ್ಲಿ ಕೂರಿಸ್ಬೇಕು ಅಂತ ಇವಳಿಗೆ ಗೊತ್ತಿದೆ. ಭಟ್ರೇ, ಪಾಯಸ."

ತಾಂಬೂಲ ಆಯಿತು. ಆಮೇಲೆ ನಾನು ಮೆಲ್ಲಗೆ ಕೇಳಿದೆ, "ಒಳಗೆ ಹೇಗಿತ್ತು ಅಜ್ಜಿ?"

"ಏನೋಮ್ಮ. ಯಾರೋ ಗಟ್ಟಿಯಾಗಿ 'ನೂರು' ಅಂದ್ರು. ಆಶೀರ್ವಾದ ಇರ್ಬೇಕು ಅಂತ ಸುಮ್ನೆ ಕೂತಿದ್ದೆ."

ಚಪ್ಪಲಿಗಳ ಸರದಿ ಬರುವ ಮೊದಲೇ ಸೆಲ್ ಮುಗಿದಿದ್ದರಿಂದ ಬೀಗರಲ್ಲಿ ಐದು ಜನ ಬರಿಗಾಲಲ್ಲಿ ಬಸ್ ಹತ್ತಿದರು. ಮಾವ ಹೊಸ ಸೆಲ್ ಹಾಕಿ, ಬಿಟ್ಟ ಪದವನ್ನೂ ಸೇರಿಸಿ ಬರೆದಿದ್ದಾನೆ. ಲೋಹಿತ್ ಭಾನುವಾರಗಳಲ್ಲಿ ಅವನ ಜೊತೆ ಕೂತು ಆಡುತ್ತಾನೆ. ಅವನೂ ಸೋಲುವುದಿಲ್ಲ. ಆ ಹೊತ್ತಿಗೆ ಅಮ್ಮ ಅಳಿಯನಿಗೆ ಮಾತ್ರ ಕಾಫಿ ತರುತ್ತಾಳೆ.

ಮಾವನಿಗೆ ಕೊಡಲು ಲೋಟ ಇಲ್ಲವಂತೆ.