ಹಿತ್ತಲ ತೊಟ್ಟಿಯ ನೂರೆಂಟು ಚಿಪ್ಪು

ಮಗಳ ಮೂಗುತಿಯ ಮುತ್ತನ್ನು ಅಂಗಡಿಯಿಂದ ತರುವವನೂ ಒಬ್ಬ ಅಪ್ಪನೇ? ನಾನು ವಾದಿರಾಜ ಮಾಸ್ತರ, ತಿಳವಳ್ಳಿಯ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಅರೆದು ಕುಡಿಸಿದವನು! "ನಮ್ಮ ವಿಭಾನ ಮದುವಿಗೆ ಮುತ್ತು ನಾನ ಬೆಳದು ಕೊಡ್ತೇನಿ," ಎಂದು ಶಿಗ್ಗಾವಿಯ ಬೀಗರ ಎದುರೇ ಘೋಷಿಸಿಬಿಟ್ಟೆ. ಅವಳ ಓದು ಮುಗಿದು ಮದುವೆಯಾಗಲು ಒಂದೂವರೆ ವರ್ಷವಿತ್ತು. ಮುತ್ತಿಗೂ ಅಷ್ಟೇ ಬೇಕು.

"ಮೊದಲ ತೊಟ್ಟ್ಯಾಗಿನ ಪಾಚಿ ತಿಕ್ರಿ," ಎಂದಳು ಹೆಂಡತಿ ಸುಜಾತಾ.

"ಪಾಚೀನ ಅವುಗಳ ಊಟ, ಹುಚ್ಚಿ!"

ಕೆರೆಯಲ್ಲಿ ಮೀನು ಹಿಡಿಯುವ ಗುದ್ಲೆಪ್ಪ ನೂರೆಂಟು ಕಪ್ಪೆಚಿಪ್ಪು ತಂದುಕೊಟ್ಟ. ಚಿಪ್ಪಿನ ಬಾಯಿಯನ್ನು ಚೂರೇ ಬಿಡಿಸಿ, ಒಳಗೊಂದು ಮಣಿ ಕೂಡಿಸಬೇಕು. ಚುಚ್ಚುವ ಆ ಮಣಿಯ ಸುತ್ತ ಒಳಗಿನ ಜೀವಿ ಪದರ ಪದರವಾಗಿ ಹೊಳಪು ಸುತ್ತುತ್ತದೆ. ಅದೇ ಮುತ್ತು. ಆದರೆ ಪೇಟೆಯ ಮಣಿ ಚಿಪ್ಪಿನ ಪುಡಿಯಿಂದ ಮಾಡಿದ್ದು. ಅವ್ವ ತುಳಸಾಬಾಯಿ ಅಡ್ಡ ನಿಂತಳು.

"ಜೀವಂತ ಇದ್ದದ್ದು ಹಿತ್ತಲದಾಗ ಇರ್ಲಿ ವಾದೀ. ಸತ್ತದ್ದರ ಪುಡಿ ಮನ್ಯಾಗ ಬರಬಾರ್ದು ನೋಡು! ಮಡಿ ಕೆಡ್ತದ."

ಮಾಸ್ತರ ಸೋಲುತ್ತಾನೆಯೇ? ಅವ್ವನ ಹರಿದುಹೋದ ಜಪಮಾಲೆಯ ತುಳಸಿಮಣಿಗಳು ದೇವರ ಕೋಣೆಯ ಡಬ್ಬಿಯಲ್ಲಿದ್ದವು. ದುಂಡಗೆ, ಪವಿತ್ರ, ಎಣಿಸಿದರೆ ಸರಿಯಾಗಿ ನೂರೆಂಟು! ಅವ್ವ ಸವಣೂರಿಗೆ ಹೋದ ದಿನ ಒಂದೊಂದು ಚಿಪ್ಪಿಗೆ ಒಂದೊಂದು ಮಣಿ ತುರುಕಿ, ಬಲೆಚೀಲದಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟೆ.

ಮೂರನೇ ದಿನ ಬೆಳಿಗ್ಗೆ, ಊರಿಂದ ಮರಳಿದ್ದ ಅವ್ವನ ಕೂಗು ಕೇಳಿತು.

"ವಾದೀ! ತೊಟ್ಟ್ಯಾಗ ತುಳಸಿಮಣಿ ತೇಲ್ಲಿಕತ್ತಾವೋ!"

ಚಿಪ್ಪುಗಳು ಮಣಿ ಉಗುಳುತ್ತಿದ್ದವು! ಅವ್ವ ಡಬ್ಬಿ ತೆಗೆದು ನೋಡಿದಳು, ಖಾಲಿ. "ನನ್ನ ಮಣಿ ದೇವರು ತೊಳದು ಕೊಡ್ಲಿಕತ್ತಾನ!" ಎಂದು ತೊಟ್ಟಿಗೆ ಊದುಬತ್ತಿ ಬೆಳಗಿದಳು. ಮರುದಿನ ಓಣಿಯ ಹೆಂಗಸರೆಲ್ಲ ತಂಬಿಗೆ ಹಿಡಿದು ತೀರ್ಥಕ್ಕೆ ಬಂದರು.

"ಹೇಳ್ರಿ ಈಗ, ಖರೇ ಹೇಳ್ರಿ!" ಸುಜಾತಾ ಪಕ್ಕೆಗೆ ತಿವಿದಳು. ನಾನೂ ಒಂದು ಉದ್ಧರಣೆ ತೀರ್ಥ ಕುಡಿದೆ.

ತಿಂಗಳೊಳಗೆ ನೂರಾ ಏಳು ಮಣಿ ವಾಪಸು ಬಂದವು. "ಒಂದು ಬಾಕಿ ಅದ. ಅದೂ ಬರ್ತದ," ಎಂದು ಅವ್ವ ದಾರ ಹಿಡಿದು ಕಾದಳು. ನನಗೋ ಹೋದ ಜೀವ ಬಂದಂತಾಯಿತು. ಅಂದರೆ ಒಂದು ಚಿಪ್ಪು ಮಣಿ ಉಳಿಸಿಕೊಂಡಿದೆ! ನೂರೆಂಟಕ್ಕೆ ಒಂದು! ಮುತ್ತು ಅಪರೂಪವೆನ್ನುವುದು ಇದಕ್ಕೇ ಅಲ್ಲವೇ? ಮೂಗುತಿಗೆ ಬೇಕಾದದ್ದೂ ಒಂದೇ.

ಮದುವೆ ಹತ್ತಿರ ಬಂತು. ಬೀಗರನ್ನು ಹಿತ್ತಲಲ್ಲಿ ಕುರ್ಚಿ ಹಾಕಿ ಕೂಡಿಸಿ, ಚಿಪ್ಪುಗಳನ್ನು ಜೀವ ಹೋಗದಂತೆ ಒಂದೊಂದಾಗಿ ಬಿಡಿಸಿ ನೋಡಿದೆ. ಎಂಬತ್ತಮೂರನೆಯದರಲ್ಲಿ ಮಿನುಗಿತು! ದುಂಡನೆಯ, ತುಸು ಗುಲಾಬಿ ಬಣ್ಣದ ಮುತ್ತು. ಬೀಗರು ಚಪ್ಪಾಳೆ ತಟ್ಟಿದರು. ನನ್ನೊಳಗಿನ ಮಾಸ್ತರ ಎದ್ದು ನಿಂತ.

"ಮುತ್ತು ಅಂದ್ರ ಏನು? ನಟ್ಟನಡುವ ಒಂದು ಮಣಿ. ಅದರ ಸುತ್ತ..."

"ಯಾವ ಮಣಿ?" ಅವ್ವ ಕೇಳಿದಳು.

"ಹೇಳ್ರಿ ಈಗ!" ಎಂದಳು ಸುಜಾತಾ. ಎಲ್ಲವನ್ನೂ ಹೇಳಿದೆ.

ಅವ್ವ ಬೈಯಲಿಲ್ಲ. ಅಂಗೈ ಚಾಚಿದಳು.

"ತಾ ಇಲ್ಲೆ, ನನ್ನ ನೂರಾ ಎಂಟನೇದು. ಜಪದ ಮಣಿ ಮೂಗಿಗೆ ಹಾಕ್ತಾರೇನೋ, ಮಾಸ್ತರಾ?"

ಬೀಗತಿಯೂ ಹೌದೆಂದು ತಲೆಯಾಡಿಸಿದಳು!

ಅವ್ವನ ಜಪಮಾಲೆಗೆಂದು ಆ ಮುತ್ತಿಗೆ ತೂತು ಹಾಕಿಸಲು ಹಾನಗಲ್ಲಿನ ಅಕ್ಕಸಾಲಿಗನ ಅಂಗಡಿಗೆ ಹೋದವನೂ ನಾನೇ. ಅದೇ ಅಂಗಡಿಯಲ್ಲಿ ವಿಭಾಳಿಗೊಂದು ಮುತ್ತನ್ನೂ ಆರಿಸಿದೆ. ಅಕ್ಕಸಾಲಿಗ ಎರಡನ್ನೂ ನೋಡಿ ಕೇಳಿದ:

"ಇಂಥಾ ಚಲೋ ಮುತ್ತು ಕೈಯಾಗ ಇಟ್ಕೊಂಡು ಇದನ್ಯಾಕ ತಗೊಳ್ಳಾಕತ್ತೀರಿ ಸರ?"

"ಅದು ದೇವರು ನಮ್ಮವ್ವಗ ಬೆಳದು ಕೊಟ್ಟದ್ದರಿ," ಎಂದೆ. "ಮಗಳಿಗೆ ನಾ ಬೆಳದದ್ದು ಇದ."