ಚಿಗವ್ವನ ಮುಂದಿನ ಸೀಟು

ಗಾಡಿಗೆ ಸೀಟು ಕಟ್ಟುವವನ ಬಾಳಿನಲ್ಲಿ ನಗುವುದಕ್ಕೆ ಪುರಸೊತ್ತು ಇರುವುದಿಲ್ಲ. ಆದರೇನು, ನಗುವೇ ಗಾಡಿ ಹತ್ತಿಕೊಂಡು ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ನನ್ನದೊಂದು ತಗಡಿನ ಅಂಗಡಿ ಇತ್ತು. ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕದ ನಡುವಿನ ತನಕ ಆ ದಾರಿಯ ಲಾರಿ, ಜೀಪು, ಟ್ರ್ಯಾಕ್ಟರುಗಳೆಲ್ಲ ನನ್ನ ದಬ್ಬಣದ ಋಣ ತೀರಿಸಿಯೇ ಮುಂದೆ ಹೋಗುತ್ತಿದ್ದವು. ಮಂದಿ ಮುಖ ನೋಡಿ ಮನುಷ್ಯನನ್ನು ಅಳೆಯುತ್ತಾರೆ, ನಾನು ಸೀಟು ನೋಡಿ ಅಳೆಯುತ್ತಿದ್ದೆ. ಬಲಗಡೆ ಕುಸಿದಿದ್ದರೆ ಡ್ರೈವರ್ ಕಿಟಕಿಗೆ ಒರಗಿ ಹರಟೆ ಹೊಡೆಯುವವನು, ಮುಂದಿನ ಅಂಚು ಹರಿದಿದ್ದರೆ ಅವಸರದವನು. ಈ ಲೆಕ್ಕ ತಪ್ಪಿದ್ದು ಒಂದೇ ಗಾಡಿಯ ವಿಷಯದಲ್ಲಿ. ಅದರಲ್ಲಿ ಸೀಟೇ ಇರಲಿಲ್ಲ.

ಕೋಳಿ

ಗಾಡಿ ವಳಕಮದಿನ್ನಿಯ ಕಾಕಾನದು. ಆತ ಊರಿಗೆಲ್ಲ ಕಾಕಾ, ಆತನ ಹೆಂಡತಿ ಊರಿಗೆಲ್ಲ ಚಿಗವ್ವ. ನಾನು ಬೇರೆ ಹೆಸರಿಡಲು ಹೋಗಲಿಲ್ಲ. ಲಿಂಗಸುಗೂರಿನ ಹರಾಜಿನಲ್ಲಿ ಕಾಕಾ ಒಂದು ಗುಂಡು ಮೂತಿಯ ಪಿಕಪ್ ಹಿಡಿದಿದ್ದ. ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು, ಕೆಮ್ಮೂ ಜೋರಾಗಿತ್ತು. ಒಣ ಮೆಣಸಿನಕಾಯಿ, ಬಳ್ಳೊಳ್ಳಿ ಹೇರಿಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಂತೆಗಳಿಗೆ ಹೋಗುತ್ತಿದ್ದರು. ಓಡಿಸುವುದು ಕಾಕಾ, ಮಾರುವುದು ಚಿಗವ್ವ. ಕಾಕಾ ಹೊಟ್ಟಿನ ಚೀಲದ ಮೇಲೆ ಕೂತು ಸ್ಟೇರಿಂಗ್ ಹಿಡಿಯುತ್ತಿದ್ದ, ಚಿಗವ್ವ ಹಿಂದೆ ಮೆಣಸಿನಕಾಯಿ ಚೀಲದ ಮೇಲೆ ಕೂತು ಸೀನುತ್ತಿದ್ದಳು.

"ತಮ್ಮಾ, ಇಕಿ ನಡಾ ಹಿಡದೈತಿ," ಅಂದ ಕಾಕಾ. "ಹಿಂದ ಕುಂತು ಕುಲುಕಾಡಿ ಹಿಂಗಾಗೈತಂತ. ಇನ್ನ ಹಿಂಗ ನಡದ್ರ ಎದ್ದು ನಿಂದ್ರಾಕ ಆಗಂಗಿಲ್ಲ ಅಂದಾನ ಡಾಕ್ಟರು. ಇಕಿ ಮುಂದ ಕುಂದರಬೇಕು. ಅಂಥಾ ಸೀಟು ಹಾಕಿ ಕೊಡು."

"ನನಗೇನಾಗಿಲ್ಲಪಾ, ನಾ ಹಿಂದ ಆರಾಮ ಅದೀನಿ," ಅಂದಳು ಚಿಗವ್ವ. ಹಾಗನ್ನುತ್ತಲೇ ಒಂದು ಕೈಯಿಂದ ನಡು ಹಿಡಿದುಕೊಂಡು, ಇನ್ನೊಂದು ಕೈಯಿಂದ ಗಾಡಿ ಹಿಡಿದುಕೊಂಡು ಇಳಿದಳು. ಬಾಯಿ ಒಂದು ಹೇಳಿದರೆ ಕೈ ಇನ್ನೊಂದು ಹೇಳುತ್ತಿತ್ತು.

ನಾನು ಕ್ಯಾಬಿನ್ನಿನ ಬಾಗಿಲು ತೆಗೆದೆ. ಎಡಗಡೆ ಸೀಟಿದ್ದ ಜಾಗದಲ್ಲಿ ಇಲಿ ತಿಂದು ಬಿಟ್ಟ ಸ್ಪ್ರಿಂಗುಗಳು, ಒಂದಿಷ್ಟು ನಾರು, ಅದರ ನಡುವೆ ಒಂದು ಕೋಳಿ. ಕೋಳಿ ನನ್ನನ್ನು ಗಿರಾಕಿ ನೋಡುವಂತೆ ನೋಡಿತು. ಎಬ್ಬಿಸಲು ಕೈ ಹಾಕಿದೆ.

"ಏ, ಮುಟ್ಟಬ್ಯಾಡ. ಕಾವಿಗೆ ಕುಂತೈತಿ," ಅಂದಳು ಚಿಗವ್ವ. ಮರಿ ಹೊರಗೆ ಬರುವ ತನಕ ಸೀಟಿನ ಕೆಲಸ ಇಲ್ಲ ಅಂತ ಗಂಡ ಹೆಂಡತಿ ಇಬ್ಬರೂ ಅಲ್ಲೇ ಒಪ್ಪಿಕೊಂಡುಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ.

ಸಂತೆಗಳು ಕೋಳಿಗಾಗಿ ನಿಲ್ಲುತ್ತವೆಯೇ? ಅದೂ ಸಂತೆಗೆ ಹೋಯಿತು. ಮಸ್ಕಿಯಲ್ಲಿ ಚಾದ ಅಂಗಡಿಯವನು ಇಣುಕಿ ನೋಡಿ, "ಏನ್ ಕಾಕಾ, ಹೆಂಡ್ತೀನ ಹಿಂದ ಹಾಕಿ ಕೋಳೀನ ಮುಂದ ಕುಂದರ್ಸೀಯಲ್ಲ?" ಅಂದನಂತೆ.

ಕಾಕಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಚಿಗವ್ವ ಅಂದಳಂತೆ: "ಅದು ಹಡಿಯಾಕ ಹೊಂಟೈತಪಾ. ನನ್ನದೆಲ್ಲ ಮುಗದೈತಿ."

ಅಳತೆ

ಕೋಳಿ ಮರಿಗಳೊಂದಿಗೆ ಸೀಟು ಖಾಲಿ ಮಾಡಿದ ಮೇಲೆ ನನ್ನ ಕೆಲಸ ಶುರುವಾಯಿತು. ಸೀಟು ಅಂದರೆ ಸುಮ್ಮನೆ ರೆಗ್ಜಿನ್ ಸುತ್ತುವುದಲ್ಲ. ಕೂಡುವವರ ಮೊಣಕಾಲು ಎಲ್ಲಿಗೆ ಬರುತ್ತದೆ, ಭಾರ ಎಷ್ಟು, ಬೆನ್ನು ಎಲ್ಲಿ ಒರಗುತ್ತದೆ ಅಂತ ಗೊತ್ತಿರಬೇಕು. ಅದರಲ್ಲೂ ಇದು ನೋಯುವ ನಡುವಿಗೆ ಕಟ್ಟುವ ಸೀಟು. ನಾನು ಟೇಪು ತೆಗೆದು ಕಾಕಾನ ಕೈಗೆ ಕೊಟ್ಟೆ, ಚಿಗವ್ವನ ಅಳತೆ ತಾ ಅಂದೆ.

ಚಿಗವ್ವ ಸೆರಗು ಸರಿಮಾಡಿಕೊಂಡಳು. "ಜಂಪರ್ ಹೊಲ್ಯಾವಗ ಸೈತ ಹಳೇ ಜಂಪರ್ ಕೊಟ್ಟು ಕಳಸ್ತೀನಿ. ಮೈ ಅಳತಿ ಯಾರಿಗೂ ಕೊಟ್ಟಾಕಿ ಅಲ್ಲ ನಾ."

"ಹಂಗಾರ ಹಳೇ ಸೀಟು ಕೊಡ್ರಿ, ಚಿಗವ್ವ," ಅಂದೆ.

"ಹಳೇ ಸೀಟು ಇದ್ದಿದ್ರ ನಿನ್ನ ಅಂಗಡಿಗ್ಯಾಕ ಬರ್ತಿದ್ವಿ?" ಅಂದಳು. ಅದೂ ಖರೆ.

ಮುಂದಿನ ಸಂತೆಯ ದಿನ ಕಾಕಾ ಒಂದು ಜೋಳದ ಚೀಲ ಹೊತ್ತು ತಂದು ಮಗು ಕೂರಿಸಿದ ಹಾಗೆ ನನ್ನ ಮುಂದೆ ಕೂರಿಸಿದ. ಮೆಣಸಿನಕಾಯಿ ತೂಗುವ ಕಾಟಾದಲ್ಲಿ ಚಿಗವ್ವನನ್ನು ನಿಲ್ಲಿಸಿ, ಅಷ್ಟೇ ತೂಕದ ಜೋಳ ತುಂಬಿದ್ದನಂತೆ. ಚೀಲದ ಬಾಯಿ ಕಟ್ಟಿದ ಎತ್ತರವೂ ಕೂತ ಚಿಗವ್ವನ ಎತ್ತರವೂ ಬರೋಬ್ಬರಿ ಅಂತ ಆಣೆ ಮಾಡಿದ. "ಇದಽ ಇಕಿ ಅಂತ ತಿಳಕೊ. ಇದಕ್ಕ ಹಿತಾ ಆಗುವಂಗ ಮಾಡು."

ನನ್ನ ಕಸುಬಿನಲ್ಲಿ ಜೋಳಕ್ಕೆ ಹಿತವಾಗುವ ಸೀಟು ಕಟ್ಟಿದ್ದು ಅದೇ ಮೊದಲು. ಗುಜರಿಯಲ್ಲಿ ಹುಡುಕಿ ಜೀಪಿನ ಸೀಟಿನ ಚೌಕಟ್ಟು ತಂದೆ, ಕಾಲು ಕೊಯ್ದು ಎತ್ತರ ಹೊಂದಿಸಿದೆ. ಹೊಸ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಸ್ಪಂಜು. ಹೊಸ ಸ್ಪ್ರಿಂಗು ಮೊದಲು ಒಂದಿಷ್ಟು ಭಾರ ಹೊತ್ತು ಪಳಗಬೇಕು, ರೆಗ್ಜಿನ್ ಆಮೇಲೆ ಹಾಕೋಣ ಅಂದೆ. ಹಾಗಾಗಿ ಕೆಲವು ಸಂತೆಗಳಿಗೆ ಆ ಜೋಳದ ಚೀಲವೇ ಮುಂದೆ ಕೂತು ಹೋಗಿ ಬಂತು.

ರೆಗ್ಜಿನ್ ಹಾಕಿಸಲು ಬಂದ ದಿನ ಚಿಗವ್ವ ನನ್ನನ್ನು ಗಾಡಿಯ ಹಿಂದೆ ಕರೆದಳು. "ತಮ್ಮಾ, ನಿನ್ನ ಕಾಕಾಗ ಏನೋ ಆಗೈತಿ. ದಾರಿ ತುಂಬ ಚೀಲದ ಕೂಡ ಮಾತಾಡಾಕತ್ತಾರ. ಹಿಂದಿನ ಗಾಜು ಒಡದೈತಲ್ಲ, ನನಗ ಎಲ್ಲಾ ಕೇಳಸ್ತೈತಿ. ಗಾಳಿ ಬೇಕೇನು ಅಂತಾರ. ಹಳ್ಳ ಬಂತು ಗಟ್ಟಿ ಹಿಡಕೋ ಅಂತಾರ. ಮದುವ್ಯಾಗಿ ಇಷ್ಟು ವರ್ಸಾತು, ನನಗ ಒಂದಿನ ಹಂಗ ಕೇಳಿಲ್ಲ ಈ ಮನಷ್ಯಾ."

ನಾನು ಹೋಗಿ ಕಾಕಾನನ್ನು ಕೇಳಿದೆ. ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಆ ಮುಖ ನೋಡಿ ನನಗೆ ನಗು ಬಂತು.

"ಆಕಿ ಬಾಜೂಕ ಕುಂತ್ರ ಏನ್ ಮಾತಾಡಬೇಕೋ ಗೊತ್ತಿಲ್ಲ ತಮ್ಮಾ," ಅಂದ. "ರೂಢಿ ಮಾಡ್ಕೊಳ್ಳಾಕತ್ತಿದ್ನಿ."

ಮಾಸ್ತರು

ಕೆಂಪು ರೆಗ್ಜಿನ್ನಿನ ಸೀಟು ತಯಾರಾಯಿತು. ಚಿಗವ್ವ ಹತ್ತಿ ಕೂತು ಸೀಟು ಸವರಿದಳು, "ಮೆತ್ತಗೈತಿ" ಅಂದಳು. ಕಾಕಾ ಅಂಗಡಿಯಿಂದ ಗಾಡಿ ತೆಗೆದ ಠೀವಿ ನೋಡಬೇಕಿತ್ತು.

ಆ ಠೀವಿ ಮಸ್ಕಿಯ ತನಕ ನಡೆಯಿತು. ಅಲ್ಲಿ ರಿಟೈರಾದ ಮಾಸ್ತರೊಬ್ಬರು ಲಿಂಗಸುಗೂರಿಗೆ ಹೋಗಲು ಗಾಡಿ ಕಾಯುತ್ತಿದ್ದರು. ಪಾಮನಕಲ್ಲೂರಿನವರು. ಚಿಗವ್ವನ ತವರೂ ಅದೇ ಊರು, ಆಕೆಗೆ ಅಕ್ಷರ ಕಲಿಸಿದವರೂ ಅವರೇ. ಅವರು ಕೈ ಎತ್ತಿದ್ದೇ ತಡ, ಕಾಕಾ ಬ್ರೇಕ್ ಹಾಕುವ ಮೊದಲೇ ಚಿಗವ್ವ ಬಾಗಿಲು ತೆಗೆದಿದ್ದಳು. "ಬರ್ರೀ ಸರ, ಕುಂದರ್ರಿ," ಅಂದು ತಾನು ಹಿಂದೆ ಹತ್ತಿದಳು. ಗುರುಗಳು ಹಿಂದೆ, ತಾನು ಮುಂದೆ ಅಂದರೆ ಆಕೆಯ ಜೀವ ಒಪ್ಪುವುದುಂಟೇ? ಮಾಸ್ತರು ದಾರಿಯುದ್ದಕ್ಕೂ ಸೀಟನ್ನು ಹೊಗಳಿದರಂತೆ.

ಮುಂದಿನ ಸಂತೆಗೆ ಯಾರೋ ಬೀಗರು. ಅದರ ಮುಂದಿನದಕ್ಕೆ ಯಾರದೋ ಮುದಿ ಮಾವ. ಹಳೇ ಗಾಡಿಯಲ್ಲಿ ಹೊಸ ಸೀಟು ಬಂದಿದೆ ಅನ್ನುವ ಸುದ್ದಿ ಸೀಟಿಗಿಂತ ಮೊದಲೇ ಊರೂರಿಗೆ ಮುಟ್ಟುತ್ತಿತ್ತು. ನಾನು ಚಿಗವ್ವನಿಗೆ ಕಟ್ಟಿದ ಸೀಟಿನ ಮೇಲೆ ದಾರಿಯ ಹಿರಿಯರೆಲ್ಲ ಕೂತರು, ಚಿಗವ್ವ ಒಬ್ಬಳನ್ನು ಬಿಟ್ಟು.

ಕಾಕಾ ಸಿಟ್ಟಿನಲ್ಲಿ ಬಂದ. "ಮೆತ್ತಗ ಮಾಡಿದ್ದಽ ತಪ್ಪಾತು. ಬ್ಯಾರೇದವ್ರು ಕುಂತ್ರ ಚುಚ್ಚಬೇಕು, ಇಕಿ ಕುಂತ್ರ ಚುಚ್ಚಬಾರದು. ಹಂಗ ಬರತೈತೇನು?"

"ಕಾಕಾ, ಸೀಟಿಗೆ ಮುಖದ ಗುರ್ತು ಹತ್ತಂಗಿಲ್ಲ," ಅಂದೆ.

"ಮುಖ ಅದಕ್ಯಾವಾಗ ಕಾಣಸ್ತೈತಿ," ಅಂದ ಕಾಕಾ.

ಯಾರೂ ಕೇಳದ ಸೀಟು

ಆದರೆ ಅದು ನಗುವ ಮಾತಾಗಿ ಉಳಿಯಲಿಲ್ಲ. ಒಂದು ಸಂತೆಯ ದಿನ ಲಿಂಗಸುಗೂರಿನಲ್ಲಿ ಚಿಗವ್ವನಿಗೆ ಹಿಂದಿನಿಂದ ಇಳಿಯಲು ಆಗಲೇ ಇಲ್ಲ. ಕಾಕಾ ಸಂತೆಯ ಮಂದಿಯ ಎದುರಿಗೇ ಆಕೆಯನ್ನು ಎತ್ತಿ ಇಳಿಸಿದ. ಹೆಂಡತಿಯ ಹೆಸರು ಹಿಡಿದು ಕರೆಯಲೂ ನಾಚುವ ಮನುಷ್ಯ.

ಮರುದಿನವೇ ನನ್ನ ಅಂಗಡಿಗೆ ಬಂದ. "ಹಿರೇರು ಬಂದ್ರ ಬಿಟ್ಟು ಕೊಡಲಾರದ ಸೀಟು ಗಾಡ್ಯಾಗ ಒಂದಽ ಐತಿ ತಮ್ಮಾ," ಅಂದ. "ನಂದು."

ಮೊದಲು ನನಗೆ ತಿಳಿಯಲಿಲ್ಲ. ಚಿಗವ್ವನೇ ಗಾಡಿ ಓಡಿಸಲಿ ಅನ್ನುತ್ತಿದ್ದಾನೆ ಅಂತ ತಿಳಿದ ಮೇಲೆ ಸಾಮಾನು ಕಟ್ಟಿಕೊಂಡು ವಳಕಮದಿನ್ನಿಗೆ ಹೋದೆ. ಕಾಕಾನ ಹೊಟ್ಟಿನ ಚೀಲ ತೆಗೆದು ಅಲ್ಲಿ ಎತ್ತರದ ಡ್ರೈವರ್ ಸೀಟು ಕಟ್ಟಿದೆ, ಚಿಗವ್ವನ ಕಾಲು ಮುಟ್ಟುವ ಹಾಗೆ ಮುಂದೆ ತಂದು ಬೋಲ್ಟು ಬಿಗಿದೆ, ನಡುವಿಗೆ ಆಸರೆಯಾಗಲಿ ಅಂತ ಗಟ್ಟಿ ದಿಂಬು ಹೊಲಿದೆ. ಹಿಂದಿನ ಕುಲುಕಾಟಕ್ಕಿಂತ ಇದು ವಾಸಿ ಅಂತ ಡಾಕ್ಟರೂ ಅಂದಿದ್ದರಂತೆ.

ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ಪಾಠ. ಸೀಟು ಹೇಗೆ ಕೂಡುತ್ತದೆ ನೋಡೋಣ ಅಂತ ನಾನು ಪಕ್ಕದಲ್ಲಿ ಕೂತೆ, ಕಾಕಾ ಬದುವಿನ ಮೇಲೆ ನಿಂತ. ಚಿಗವ್ವ ತವರಲ್ಲಿ ಎತ್ತಿನ ಬಂಡಿ ಹೊಡೆದವಳು, ಕೈಯಲ್ಲಿ ಅಳುಕಿರಲಿಲ್ಲ. ಗಾಡಿ ಚೆಂದವಾಗಿ ಹೋಯಿತು. ಎದುರಿಗೆ ಹುಲ್ಲಿನ ಬಣವೆ ಬಂತು. ಚಿಗವ್ವ ಸ್ಟೇರಿಂಗನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡು, "ಹೋ... ಹೋ..." ಅಂದಳು. ಪಿಕಪ್ ಕೇಳಲಿಲ್ಲ. ನಾನು ಕಣ್ಣು ಮುಚ್ಚಿದೆ, ತೆಗೆದಾಗ ಬಾಯಲ್ಲಿ ಹುಲ್ಲಿತ್ತು.

ಕಾಕಾ ಓಡಿ ಬಂದು, "ಬ್ರೇಕ್ ಯಾಕ ತುಳೀಲಿಲ್ಲ?" ಅಂದ.

"ಹೋ ಅಂದೀನಲ್ಲ," ಅಂದಳು ಚಿಗವ್ವ. "ಒಳ್ಳೇ ಮಾತಿಲೆ ಹೇಳಿದ ಮ್ಯಾಲ ಮತ್ತ ತುಳಿಯೂದ್ಯಾಕ?"

ಕಲಿತಳು. ರಾಯಚೂರಿಗೆ ಹೋಗಿ ಲೈಸೆನ್ಸೂ ತಂದಳು. ಮೊದಲ ಸಲ ಸ್ಟೇರಿಂಗ್ ಹಿಡಿದು ಮಸ್ಕಿಗೆ ಹೋದಾಗ ಅದೇ ಮಾಸ್ತರು ಕೈ ಎತ್ತಿದರಂತೆ. ಪಕ್ಕದಲ್ಲಿದ್ದ ಕಾಕಾ ಇಳಿದು, "ಬರ್ರೀ ಸರ, ಮುಂದ ಕುಂದರ್ರಿ," ಅಂದ. ಮಾಸ್ತರು ಡ್ರೈವರ್ ಸೀಟಿನ ಕಡೆ ನೋಡಿದರು, ಚಪ್ಪಲಿ ಸರಿಮಾಡಿಕೊಂಡು ಹಿಂದೆ ನಡೆದರು.

"ಬ್ಯಾಡಪಾ. ಇಕಿಗೆ ಮಗ್ಗಿ ಕಲಿಸಿದಾವ ನಾನಽ. ಸುರು ಮಾಡಿದ್ರ ಮುಗೀತು, ನಿಂದ್ರತಿದ್ದಿಲ್ಲ."

ಇನ್ನೊಂದು ಗಾದಿ

ಕೆಲವು ತಿಂಗಳ ಮೇಲೆ ಪಿಕಪ್ ನನ್ನ ಅಂಗಡಿಯ ಮುಂದೆ ನಿಂತಿತು. ಚಿಗವ್ವ ಡ್ರೈವರ್ ಬಾಗಿಲಿಂದ ಇಳಿದಳು. ನಡುವಿನ ಮೇಲೆ ಕೈ ಇರಲಿಲ್ಲ. ಅದನ್ನು ನೋಡಿ ನನಗಾದ ಸಂತೋಷ ಯಾವ ಗಿರಾಕಿಯ ಹೊಗಳಿಕೆಯಿಂದಲೂ ಆಗಿರಲಿಲ್ಲ.

"ತಮ್ಮಾ, ಇನ್ನೊಂದು ಗಾದಿ ಬೇಕು. ಹಿಂದ ಹಾಸಾಕ," ಅಂದಳು.

"ಹಿಂದ ಯಾರು ಕುಂದರ್ತಾರ ಚಿಗವ್ವ?"

ಆಕೆ ಗದ್ದ ಎತ್ತಿ ತೋರಿಸಿದಳು. ಹಿಂದೆ ಮೆಣಸಿನಕಾಯಿ ಚೀಲಗಳ ನಡುವೆ ಕಾಕಾ ಕೂತು ಸೀನುತ್ತಿದ್ದ.

"ಮುಂದಿನ ಸೀಟಿಗೆ ಏನಾಗೈತಿ ಕಾಕಾ?" ಅಂತ ಗಾಬರಿಯಾಗಿ ಕೇಳಿದೆ. ನನ್ನ ಕೆಲಸದ ಮರ್ಯಾದೆಯ ಪ್ರಶ್ನೆ.

"ಸೀಟಿಗೇನಾಗಿಲ್ಲ ತಮ್ಮಾ. ಆಕಿ ಭಾಳ ಚಲೋ ಹೊಡೀತಾಳ. ಆದ್ರ ಅಲ್ಲಿ ಕುಂತ್ರ ನನ್ನ ಕಾಲು ಸುಮ್ನಿರಂಗಿಲ್ಲ, ಇಲ್ಲದ ಬ್ರೇಕ್ ತುಳೀತಾವು."

ಬಗ್ಗಿ ನೋಡಿದೆ. ಕೆಂಪು ಸೀಟು ಹೊಸದರಂತೆ ಇತ್ತು. ಅದರ ಮುಂದೆ ಕಾಲಿಡುವಲ್ಲಿ ತುಕ್ಕು ಹಿಡಿದ ತಗಡು ಹರಿದು, ಕೆಳಗಿನ ರಸ್ತೆ ಕಾಣುತ್ತಿತ್ತು.

"ತುಳದು ತುಳದು ತೂತು ಕೆಡವ್ಯಾರ," ಅಂದಳು ಚಿಗವ್ವ. "ಅಂಜಿಕಿ ಆದ್ರ ಹಿಂದ ಕುಂದರ್ರಿ ಅಂದೀನಿ. ಮೆತ್ತಗ ಹೊಲಿ, ಅವ್ರ ನಡಾ ಹಿಡೀಬಾರದು."

ನಾನು ಗಾದಿಗೆ ಅಳತೆ ತೆಗೆದುಕೊಂಡೆ. ಮುಂದಿನ ಸೀಟು ಅಷ್ಟು ಚೆಂದವಾಗಿ ಖಾಲಿ ಇತ್ತಲ್ಲ, ಹೊಟ್ಟೆ ಉರಿದು ಕೇಳಿದೆ: "ಹಂಗಾರ ಇದರ ಮ್ಯಾಲ ಮಾಸ್ತರ್ನ ಕುಂದರ್ಸ್ತೀರೇನು?"

"ಯಾರಿಗೂ ಕೊಡಂಗಿಲ್ಲ," ಅಂದಳು ಚಿಗವ್ವ. ಇಡೀ ಬಾಳಿನಲ್ಲಿ ಬಂದವರಿಗೆಲ್ಲ ಎದ್ದು ಜಾಗ ಬಿಟ್ಟುಕೊಟ್ಟವಳು. ಹಿಂದೆ ಕೂತ ಗಂಡನಿಗೆ ಕೇಳಲಿ ಅಂತ ದನಿ ಒಂದಿಷ್ಟು ಏರಿಸಿದಳು. "ಖಾಲಿ ಇರ್ಲಿ. ಧೈರ್ಯ ಬಂದ ದಿನ ಬಂದು ಕುಂದರ್ತಾರ."