ಕೋಠಿ ಜಾಮ್ ಮಾಡ್ರೋ!

ನಾನು ಕೋಚ್ ಆಗಿದ್ದ ಟೀಮು ಸೋತಿತು ಅಂದರೆ ಯಾರಿಗೂ ಆಶ್ಚರ್ಯ ಆಗುತ್ತಿರಲಿಲ್ಲ. ಹೇಗೆ ಸೋತಿತು ಅಂತ ಹೇಳಿದರೆ ಮಾತ್ರ ಯಾರೂ ನಂಬುತ್ತಿರಲಿಲ್ಲ. ಇಂಥದ್ದು ಯಾವಾಗಲೋ ಒಮ್ಮೆ ಆದರೆ ಸರಿ, ನಮಗೆ ಪ್ರತಿ ಪಂದ್ಯಕ್ಕೂ ಒಂದೊಂದು ಆಗುತ್ತಿತ್ತು.

ಹೈದರಾಬಾದಿನ ಮಾದಾಪುರದಲ್ಲಿ ಬೆಳಗಾದರೆ ಒಂದು ಹೊಸ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಾನು ಬೀದರದ ಕಡೆಯವನು, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹರೆಯದಲ್ಲಿ ಕಾರ್ಖಾನೆಯ ಫುಟ್‌ಬಾಲ್ ಟೀಮಿನಲ್ಲಿ ಫುಲ್‌ಬ್ಯಾಕ್ ಆಡಿದ್ದೆ. ಗಚ್ಚಿಬೌಲಿಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಖಾಲಿ ಜಾಗ ಇತ್ತು. ಐಟಿ ಕಂಪನಿಗಳ ಕ್ಯಾಬುಗಳು ಮಧ್ಯಾಹ್ನ ಅಲ್ಲಿ ಬಂದು ನಿಲ್ಲುತ್ತಿದ್ದವು. ಡ್ರೈವರುಗಳು ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯ ಹುಡುಗರು. ಮುಂದಿನ ಶಿಫ್ಟಿನ ತನಕ ಫುಟ್‌ಬಾಲ್ ಆಡುತ್ತಿದ್ದರು. ಆ ಜಾಗದಲ್ಲೂ ಈಗ ಗಾಜಿನ ಕಟ್ಟಡ ಇದೆ. ಆ ಕಡೆ ಹೋದಾಗ ನಾನು ತಲೆ ಎತ್ತಿ ನೋಡುವುದಿಲ್ಲ.

ದಾರಿ ಬಿಡುವುದು

ಆಡುತ್ತಿದ್ದರು ಅನ್ನುವುದೂ ದೊಡ್ಡ ಮಾತೇ. ಚೆಂಡು ಎಲ್ಲಿಗೆ ಹೋದರೆ ಅಲ್ಲಿಗೆ ಎಲ್ಲರೂ ಹಿಂಡಾಗಿ ಓಡುತ್ತಿದ್ದರು. ಚೆಂಡು ಸಿಕ್ಕವನು ಇನ್ನೊಬ್ಬನಿಗೆ ಕೊಡುವ ಮಾತೇ ಇಲ್ಲ. ಕೆಲವು ದಿನ ಹಿತ್ತಲ ಗೋಡೆಯ ಮೇಲಿಂದ ನೋಡಿದೆ. ಕೊನೆಗೆ ತಡೆಯಲಾರದೆ ಗೋಡೆ ಹಾರಿ ಹೋದೆ. ಅವರಲ್ಲಿ ದಪ್ಪ ಮೀಸೆಯವನೊಬ್ಬ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒದ್ದಾಡುತ್ತಿದ್ದ. ಮುಂದೆ ಅವನೇ ನಮ್ಮ ಕ್ಯಾಪ್ಟನ್ ಆದ.

"ಪಾಸ್ ಕೊಡಲೇ! ಬಾಜೂ ನಿಂತವಗ ಬಿಡು!" ಅಂದೆ.

"ಕಾಕಾ, ದಿನಾ ರೋಡಿನ್ಯಾಗ ಎಲ್ಲಾರಿಗೂ ದಾರಿ ಬಿಟ್ಟು ಬಿಟ್ಟು ಸಾಕಾಗೈತ್ರಿ," ಅಂದ. "ಇಲ್ಲಿ ಒಬ್ಬಗೂ ಬಿಡಂಗಿಲ್ಲ."

ಸೀಟಿ ಹೊಡೆದವರು

ಆ ವರ್ಷ ಸುತ್ತಲಿನ ಕಂಪನಿಗಳೆಲ್ಲ ಸೇರಿ ಒಂದು ಟೂರ್ನಮೆಂಟು ಇಟ್ಟವು. ಒಂದು ಟೀಮು ಕಡಿಮೆ ಬಿತ್ತು ಅಂತ ಡ್ರೈವರುಗಳಿಗೂ ಅವಕಾಶ ಕೊಟ್ಟರು. ಅದಕ್ಕೆ ಮೊದಲು ರೂಢಿಯಾಗಲಿ ಅಂತ ಒಂದು ಕಂಪನಿಯ ಟೀಮಿನ ಜೊತೆ ಪಂದ್ಯ ಆಡಿಸಿದೆ. ಮೈದಾನ ನಾಲ್ಕು ರಸ್ತೆ ಕೂಡುವ ಚೌಕಿಗೆ ಹತ್ತಿಕೊಂಡೇ ಇತ್ತು.

ಆಟ ರಂಗೇರಿತ್ತು. ನಮ್ಮವರು ಎಂದೂ ಇಲ್ಲದಷ್ಟು ಚೆನ್ನಾಗಿ ತಡೆಯುತ್ತಿದ್ದರು. ಅಷ್ಟರಲ್ಲಿ ಜೋರಾಗಿ ಒಂದು ಸೀಟಿ ಕೇಳಿಸಿತು. ನಮ್ಮ ಟೀಮು ಇದ್ದಲ್ಲೇ ಗಪ್ಪನೆ ನಿಂತಿತು. ಎದುರಿನವರು ನಿಲ್ಲಲಿಲ್ಲ. ಸಲೀಸಾಗಿ ಹೋಗಿ ಗೋಲು ಹೊಡೆದರು.

ರೆಫ್ರಿ ಸೀಟಿ ಊದಿರಲೇ ಇಲ್ಲ. ಊದಿದ್ದು ಚೌಕಿನ ಟ್ರಾಫಿಕ್ ಪೊಲೀಸ್.

"ಅವರೂ ಕೇಳಿಸಿಕೊಂಡರು. ಅವರ್‍ಯಾಕ ನಿಂದರಲಿಲ್ಲ?" ಅಂತ ಕೂಗಾಡಿದೆ.

"ಅವರು ಗಾಡ್ಯಾಗ ಹಿಂದ ಕುಂದರೋರು, ಕಾಕಾ," ಅಂದ ಕ್ಯಾಪ್ಟನ್. "ಸೀಟಿಗೆ ನಿಂದರೋದು ಅವರಿಗೇನು ಗೊತ್ತು?"

ಗೋಲಿಯ ನಿದ್ದೆ

ನಮ್ಮ ಗೋಲ್‌ಕೀಪರ್ ಯಾದಗಿರಿಯವನು. ಅವನ ಕೈ ಅಂದರೆ ಮೊರದಷ್ಟು ಅಗಲ. ನಾವು ಆಡುತ್ತಿದ್ದ ಕಾಲದಲ್ಲಿ ಸಿಕ್ಕಿದ್ದರೆ ನಮ್ಮ ಕಾರ್ಖಾನೆ ಅವನಿಗೆ ನೌಕರಿ ಕೊಟ್ಟು ಟೀಮಿಗೆ ಕರೆದುಕೊಳ್ಳುತ್ತಿತ್ತು. ಅವನು ಹೈದರಾಬಾದಿಗೆ ಬರುವ ಹೊತ್ತಿಗೆ ಆ ಟೀಮೂ ಇರಲಿಲ್ಲ, ಆ ಭರ್ತಿಯೂ ಇರಲಿಲ್ಲ. ಸಂಕಟ ಅಂದರೆ ಅದು.

ಅವನದು ರಾತ್ರಿ ಶಿಫ್ಟಿನ ಗಾಡಿ. ಇನ್ನೊಂದು ಪಂದ್ಯದಲ್ಲಿ ಆಟವೆಲ್ಲ ಎದುರಿನ ಗೋಲಿನ ಹತ್ತಿರವೇ ನಡೆದಿತ್ತು. ಇವನಿಗೆ ಕೆಲಸ ಇಲ್ಲ. ಕಂಬಕ್ಕೆ ಒರಗಿದ, ಹಾಗೇ ನಿದ್ದೆ ಹೋದ. ಎದುರಿನ ಫಾರ್ವರ್ಡ್ ಚೆಂಡು ತಗೊಂಡು ಒಬ್ಬನೇ ಓಡಿ ಬಂದ. ಹತ್ತಿರ ಬಂದು ನೋಡಿದರೆ ಇವನು ನಿಂತಲ್ಲೇ ಗೊರಕೆ. ಆ ಫಾರ್ವರ್ಡ್ ಒಂದು ಗಳಿಗೆ ನಿಂತ. ನಮ್ಮ ಕಡೆ ನೋಡಿದ.

ಹುಡುಗ ಭಾಳ ಮರ್ಯಾದಸ್ಥ. ಇವನ ನಿದ್ದೆ ಕೆಡಬಾರದು ಅಂತ ಸಾವಕಾಶ ಗೋಲು ಹೊಡೆದು, ತುದಿಗಾಲಲ್ಲಿ ವಾಪಸು ಹೋದ.

ಆಮೇಲೆ ಬೈಯಬೇಕು ಅಂತಲೇ ಹೋದೆ. "ಖೋಲ್ಯಾಗ ಭಾಳ ಮಂದಿ, ಕಾಕಾ. ಹಗಲೊತ್ತು ನಿದ್ದಿ ಹತ್ತಂಗಿಲ್ರಿ," ಅಂದ. "ಗೋಲಿನ್ಯಾಗ ಯಾರೂ ಇರಂಗಿಲ್ಲ. ಗಾಳಿ ಚೊಲೊ ಬರ್ತೈತಿ."

ಅವತ್ತಿನಿಂದ ಪ್ರಾಕ್ಟೀಸಿನ ಮೊದಲರ್ಧ ಗೋಲಿನಲ್ಲಿ ನಾನೇ ನಿಂತೆ. ಅವನು ನಮ್ಮ ಜಗಲಿಯ ಮೇಲೆ ಮಲಗಿದ.

ಕೋಠಿ ಜಾಮ್

ಎಷ್ಟು ಹೇಳಿದರೂ ಮೈದಾನದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಅವರ ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ನಮ್ಮಾಕಿ ಗೋಡೆಯ ಆಚೆಯಿಂದ, "ಅವರಿಗೆ ಲೆಫ್ಟು ರೈಟು ಅಂತ ಏನು ಒದರಾಕತ್ತೀರಿ? ಊರಿನ ಹೆಸರು ಹೇಳ್ರಿ," ಅಂದಳು.

ಸರಿ, ಎಡಗಡೆ ಮಾದಾಪುರ, ಬಲಗಡೆ ಗಚ್ಚಿಬೌಲಿ ಅಂತ ಹೆಸರಿಟ್ಟೆ. ನಮ್ಮ ಗೋಲಿನ ಮುಂದಿನ ಜಾಗ ಕೋಠಿ, ಹೈದರಾಬಾದಿನ ಗಿಜಿಗುಡುವ ಹಳೆ ಪೇಟೆ. ಅಲ್ಲಿ ಒಂದು ಸೈಕಲ್ಲೂ ನುಸುಳಬಾರದು. ಎದುರಿನವರು ಬಂದರೆ ಸಾಕು, "ಕೋಠಿ ಜಾಮ್ ಮಾಡ್ರೋ!" ಅಂತ ಕೂಗುತ್ತಿದ್ದೆ. ಎಲ್ಲರೂ ಹೋಗಿ ಅಡ್ಡ ನಿಲ್ಲುತ್ತಿದ್ದರು. ಟೂರ್ನಮೆಂಟಿನ ಮೊದಲ ಪಂದ್ಯವನ್ನು ಹೀಗೇ ಎಳೆದಾಡಿ ಪೆನಾಲ್ಟಿಯಲ್ಲಿ ಗೆದ್ದೆವು. ಎರಡನೆಯದಕ್ಕೆ ಎದುರಿನ ಟೀಮು ಆಫೀಸಿನ ಕೆಲಸದಲ್ಲಿ ಸಿಕ್ಕಿಬಿದ್ದು ಬರಲೇ ಇಲ್ಲ. ನೋಡನೋಡುತ್ತ ಫೈನಲ್ಲಿಗೆ ಬಂದುಬಿಟ್ಟಿದ್ದೆವು!

ಹಾಗಂತ ಎಲ್ಲ ಸಲೀಸಾಗಿರಲಿಲ್ಲ. ಆ ಮೊದಲ ಪಂದ್ಯದಲ್ಲಿ ಕ್ಯಾಪ್ಟನ್ನಿಗೆ, "ಮಾದಾಪುರಕ್ಕ ಕಳಸು!" ಅಂತ ಕೂಗಿದೆ. ಅವನು ಚೆಂಡಿನ ಮೇಲೆ ಕಾಲಿಟ್ಟು ನಿಂತು, ಮೈದಾನದ ನಡುವಿನಿಂದ ಕೈ ಅಲ್ಲಾಡಿಸಿದ.

"ಈ ಟೈಮಿಗೆ ಮಾದಾಪುರ ಹೋಗಂಗಿಲ್ರಿ, ಕಾಕಾ!"

ಕಪ್ಪು

ಫೈನಲ್ಲು ರಾತ್ರಿ ಪಾಳಿ ನಡೆಸುವ ಒಂದು ಕಂಪನಿಯ ಟೀಮಿನ ಮೇಲೆ. ಸಂಜೆ ಆಟ ಮುಗಿಸಿ ಅವರು ಡ್ಯೂಟಿಗೆ ಹೋಗಬೇಕು, ನಮ್ಮವರೂ ಗಾಡಿ ಹತ್ತಬೇಕು. ಆದರೆ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕು ತಡವಾಗಿ ಬಂದರು. ಬಂದವರು ಸಮಯಪಾಲನೆಯ ಬಗ್ಗೆ ಉದ್ದಕ್ಕೂ ಭಾಷಣ ಮಾಡಿದರು. ಆಟ ಶುರುವಾದಾಗ ಹೊತ್ತು ಇಳಿದಿತ್ತು.

ಕ್ಯಾಪ್ಟನ್ ಅವತ್ತು ಗೋಲು ಹೊಡೆದ. ನಮ್ಮ ಗೋಲಿ ಕಣ್ಣು ಬಿಟ್ಟುಕೊಂಡು ಬಂದದ್ದನ್ನೆಲ್ಲ ಹಿಡಿದ. ಇನ್ನು ಸ್ವಲ್ಪ ಹೊತ್ತು ತಡೆದಿದ್ದರೆ ಕಪ್ಪು ನಮ್ಮದೇ.

ಅಷ್ಟರಲ್ಲಿ ನನ್ನ ಕಾಲ ಬಳಿ ಟವೆಲ್ಲಿನ ಮೇಲಿಟ್ಟಿದ್ದ ಅವರ ಫೋನುಗಳೆಲ್ಲ ಒಟ್ಟಿಗೆ ಬಡಕೊಂಡವು. ಒಂದನ್ನು ಎತ್ತಿದೆ. ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್. "ಎಲ್ಲಿ ಅದಾರ ಇವರು? ಈಗಿಂದೀಗ ಪಿಕಪ್ಪಿಗೆ ಹೋಗಲಿಲ್ಲಂದ್ರ ನಾಳಿಂದ ಗಾಡಿ ಬಂದ್!"

ಕ್ಯಾಪ್ಟನ್ ಓಡಿ ಬಂದು ಫೋನು ತಗೊಂಡ. "ಪಿಕಪ್ ಯಾವ ಪಾರ್ಟೀದ್ರಿ?" ಅಂದ. ಉತ್ತರ ಕೇಳಿಸಿಕೊಂಡು ಫೋನು ನನ್ನ ಕೈಗಿಟ್ಟ. ಆಮೇಲೆ ಎದುರು ಟೀಮಿನ ಕ್ಯಾಪ್ಟನ್ ಹತ್ತಿರ ಹೋಗಿ ಕೈ ಮುಗಿದ.

"ಸರ್, ನಿಮ್ಮದ ಪಿಕಪ್ಪು. ನಡೀರಿ, ಟೈಮ್ ಆತು."

ಎದುರಿನವರ ಫೋನುಗಳೂ ಹೊಡೆದುಕೊಳ್ಳುತ್ತಿದ್ದವು. ನಮ್ಮವರು ಗಾಡಿ ಚಾಲೂ ಮಾಡಲು ಮುಂದೆ ಓಡಿದರು, ಅವರು ಬ್ಯಾಗು ಹೊತ್ತು ಹಿಂದೆ ಓಡಿದರು. ಮೈದಾನದಲ್ಲಿ ರೆಫ್ರಿ, ಚೆಂಡು, ನಾನು, ಮುಖ್ಯ ಅತಿಥಿಗಳು ಉಳಿದೆವು.

ಆಯೋಜಕರು ನಿಯಮ ಹೇಳಿದರು: ಮೊದಲು ಮೈದಾನ ಬಿಟ್ಟ ಟೀಮು ಸೋತಂತೆ.

"ನಮ್ಮವರು ಮೈದಾನ ಬಿಟ್ಟಿದ್ದ ಅವರನ್ನ ಆಫೀಸಿಗೆ ಬಿಡಾಕರೀ!" ಅಂತ ಗಂಟಲು ಹರಿಯುವಂತೆ ಜಗಳಾಡಿದೆ. ಯಾರೂ ಕೇಳಲಿಲ್ಲ. ಮನೆಗೆ ಬಂದು ಊಟ ಬೇಡ ಅಂದೆ. ನಮ್ಮಾಕಿಯೂ ಒತ್ತಾಯ ಮಾಡಲಿಲ್ಲ.

ಮರುದಿನ ಆ ಕಂಪನಿಯ ಆಫೀಸಿನಲ್ಲೇ ಕಪ್ಪು ಕೊಟ್ಟರಂತೆ. ಅದರ ಮಾರನೆಯ ಬೆಳಿಗ್ಗೆ ನಮ್ಮ ಕ್ಯಾಪ್ಟನ್ನಿನ ಫೋನು ಬಂತು. "ಕಾಕಾ, ಕಪ್ಪು ನಮ್ಮ ಗಾಡ್ಯಾಗ ಐತ್ರಿ!"

ನಾನು ಎದ್ದೇ ನಿಂತೆ. "ಹೌದೇನು? ನಮಗ ಕೊಟ್ಟರೇನಲೇ?"

"ಇಲ್ರಿ. ಮಿಯಾಪುರಕ್ಕ ಡ್ರಾಪ್ ಐತಿ," ಅಂದ. "ಆ ಟೀಮಿನ ಸಾಹೇಬ್ರು ಹಿಂದ ಮಲಗ್ಯಾರ. ಗಾಡಿ ಬಾಜೂಕ ಹಚ್ಚಿ ಫೋನ್ ಮಾಡಾಕತ್ತೀನಿ. ಕಪ್ಪು ನನ್ನ ಬಾಜೂ ಸೀಟಿನ್ಯಾಗ ಐತ್ರಿ."

ಫೋನು ಇಡುವ ಮೊದಲು ಅಂದ:

"ಕಪ್ಪಿಗೂ ಬೆಲ್ಟ್ ಹಾಕೀನಿ, ಕಾಕಾ."